ಉಗುರಿನ ಕಪ್ಪು ಗೆರೆ: ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಗುರಿನಲ್ಲಿ ಉದ್ದಕ್ಕೆ ಇಳಿಯುವ ಕಪ್ಪು ಗೆರೆಯನ್ನು ಕಂಡು ಕೆಲವರು ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಹುಡುಕುತ್ತಾರೆ. ಬೆಳಗಾಗುವಷ್ಟರಲ್ಲಿ ತಮಗೆ ಕ್ಯಾನ್ಸರ್ ಎಂದು ತೀರ್ಮಾನಿಸಿಕೊಂಡು ಆಸ್ಪತ್ರೆಗೆ ಬರುತ್ತಾರೆ. ಅವರಲ್ಲಿ ಬಹುತೇಕರಿಗೆ ಏನೂ ಆಗಿರುವುದಿಲ್ಲ. ನಿಜವಾಗಿ ಬರಬೇಕಾದ ಇನ್ನು ಕೆಲವರು ಬೆರಳಿಗೆ ಬಟ್ಟೆ ಸುತ್ತಿಕೊಂಡು ವರ್ಷಗಟ್ಟಲೆ ಹೊಲ, ಅಂಗಡಿ, ಮನೆಗೆಲಸ ಎಂದು ಓಡಾಡುತ್ತಲೇ ಇರುತ್ತಾರೆ. ದಾವಣಗೆರೆಯಲ್ಲಿ ಚರ್ಮರೋಗ ವೈದ್ಯೆಯಾಗಿ ಈ ಎರಡೂ ಬಗೆಯವರನ್ನು ನೋಡುತ್ತಿದ್ದೇನೆ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಇದನ್ನು ಓದಿ ನಿಮ್ಮ ರೋಗವನ್ನು ನೀವೇ ನಿರ್ಧರಿಸಿಕೊಳ್ಳಬೇಡಿ. ಆಸ್ಪತ್ರೆಗೆ ಹೊರಡಬೇಕೇ, ಹೊರಡುವುದಾದರೆ ಎಷ್ಟು ಬೇಗ ಎಂಬುದು ತಿಳಿದರೆ ಸಾಕು.

ಹೆಬ್ಬೆರಳ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಕಂದು ಗೆರೆ ಬಂದಿದೆ. ಇದೇನು?

ವೈದ್ಯರು ಇದನ್ನು ಮೆಲನೋನಿಕಿಯಾ ಎನ್ನುತ್ತಾರೆ. ಉಗುರು ಹುಟ್ಟುವುದು ನಮಗೆ ಕಾಣುವ ಜಾಗದಲ್ಲಲ್ಲ. ಬುಡದ ಚರ್ಮದ ಮಡಿಕೆಯ ಕೆಳಗೆ ಮ್ಯಾಟ್ರಿಕ್ಸ್ ಎಂಬ ಭಾಗವಿದೆ, ಉಗುರು ಅಲ್ಲಿ ತಯಾರಾಗಿ ಮುಂದಕ್ಕೆ ಸರಿಯುತ್ತದೆ. ಹೆಬ್ಬೆರಳ ಉಗುರಿನ ಬುಡದಲ್ಲಿ ಕಾಣುವ ಬಿಳಿ ಅರ್ಧಚಂದ್ರವು ಆ ಭಾಗದ ಹೊರ ಅಂಚು. ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಮೆಲನಿನ್ ತಯಾರಿಸುವ ವರ್ಣಕೋಶಗಳು ಅಲ್ಲಿಯೂ ಇವೆ. ಸಾಮಾನ್ಯವಾಗಿ ಅವು ಕೆಲಸ ಮಾಡದೆ ಸುಮ್ಮನಿರುತ್ತವೆ. ಎಷ್ಟೇ ಕಪ್ಪು ಮೈಬಣ್ಣದವರಿಗೂ ಎಳೆಯ ವಯಸ್ಸಿನಲ್ಲಿ ಉಗುರು ಬಣ್ಣವಿಲ್ಲದೆ ಇರುವುದು ಇದರಿಂದಲೇ.

ಅವುಗಳಲ್ಲಿ ಒಂದು ಸಣ್ಣ ಗುಂಪು ಎಚ್ಚೆತ್ತು ಮೆಲನಿನ್ ತಯಾರಿಸತೊಡಗಿದರೆ ಆ ಜಾಗದಿಂದ ಹೊರಡುವ ಉಗುರಿಗೆ ಬಣ್ಣ ಸೇರುತ್ತದೆ. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರಿನವರಿಗೆ ಇದನ್ನು ಹೇಳುವುದು ಸುಲಭ: ಮಗ್ಗದ ಹಾಸಿನಲ್ಲಿ ನಾಲ್ಕು ಎಳೆ ಕರಿ ನೂಲು ಸೇರಿದರೆ ಬಟ್ಟೆಯ ಉದ್ದಕ್ಕೂ ಕರಿ ಪಟ್ಟೆ ಬರುತ್ತದೆ. ಪಟ್ಟೆಯ ಕಾರಣವನ್ನು ಹುಡುಕಬೇಕಾದದ್ದು ಬಟ್ಟೆಯಲ್ಲಲ್ಲ, ಮಗ್ಗದಲ್ಲಿ. ಗೆರೆಯನ್ನು ಕೆರೆದರೆ ಏಕೆ ಹೋಗುವುದಿಲ್ಲ, ಕ್ರೀಮು ಏಕೆ ಕೆಲಸಕ್ಕೆ ಬಾರದು, ಬಯಾಪ್ಸಿಯನ್ನು, ಅಂದರೆ ಪರೀಕ್ಷೆಗೆ ಕಳುಹಿಸುವ ಸಣ್ಣ ತುಣುಕನ್ನು, ಏಕೆ ಬುಡದಿಂದ ತೆಗೆಯುತ್ತಾರೆ ಎಂಬ ಮುಂದಿನ ಪ್ರಶ್ನೆಗಳಿಗೆಲ್ಲ ಇದೇ ಉತ್ತರ.

ಇದು ಕ್ಯಾನ್ಸರ್ ಆಗಿರಬಹುದೇ?

ಆಗಿರಬಹುದು, ಆದರೆ ಅಂಥ ಗೆರೆಗಳು ಬಹಳ ಕಡಿಮೆ. ಗೆರೆ ಮೂಡಲು ಮುಖ್ಯವಾಗಿ ಎರಡು ದಾರಿಗಳಿವೆ. ಇರುವ ವರ್ಣಕೋಶಗಳೇ ಹೆಚ್ಚು ಬಣ್ಣ ತಯಾರಿಸುವುದು ಒಂದು, ವರ್ಣಕೋಶಗಳ ಸಂಖ್ಯೆಯೇ ಹೆಚ್ಚುವುದು ಇನ್ನೊಂದು. ನಮ್ಮ ಮೈಬಣ್ಣದ ವಯಸ್ಕರಲ್ಲಿ ಮೊದಲನೆಯದೇ ಹೆಚ್ಚು, ಅದು ನಿರಪಾಯಕಾರಿ. ಎರಡನೆಯದರಲ್ಲಿಯೂ ಮಚ್ಚೆಯಂಥ ಸಾಧು ಬೆಳವಣಿಗೆಗಳಿರುತ್ತವೆ. ಮೆಲನೋಮ ಎಂಬ ಕ್ಯಾನ್ಸರ್ ಈ ಪಟ್ಟಿಯ ಕೊನೆಯಲ್ಲಿದೆ. ಅಪರೂಪವಾದರೂ ಅದನ್ನು ತಪ್ಪಿಸಿಕೊಂಡರೆ ಬೆಲೆ ದೊಡ್ಡದು. ಆದ್ದರಿಂದಲೇ ಇಷ್ಟು ಉದ್ದದ ಬರಹ.

ಕಪ್ಪು ಮೈಬಣ್ಣದವರಿಗೇ ಏಕೆ ಹೆಚ್ಚು?

ನಮ್ಮ ವರ್ಣಕೋಶಗಳು ಸಣ್ಣ ಪ್ರಚೋದನೆಗೂ ಮೆಲನಿನ್ ತಯಾರಿಸುತ್ತವೆ. ಸೊಳ್ಳೆ ಕಚ್ಚಿದ ಜಾಗ, ಮೊಡವೆ ಒಡೆದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವುದಿಲ್ಲವೇ? ಉಗುರಿನ ಬುಡದಲ್ಲಿ ನಡೆಯುವುದೂ ಅದೇ.

ವೈದ್ಯಕೀಯ ಗ್ರಂಥಗಳು ಕೊಡುವ ಅಂಕಿಗಳು ಹೀಗಿವೆ: ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ 20 ವರ್ಷ ದಾಟಿದವರ ಪೈಕಿ ಸುಮಾರು 77%, 50 ದಾಟಿದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಂದಲ್ಲ ಒಂದು ಗೆರೆ ಇರುತ್ತದೆ. ಜಪಾನೀಯರಲ್ಲಿ ಇದು 10ರಿಂದ 20%, ಬಿಳಿಯರಲ್ಲಿ ಸುಮಾರು 1%. ಬಿಳಿಯ ವ್ಯಕ್ತಿಯ ಒಂದೇ ಬೆರಳಿನಲ್ಲಿ ಹೊಸ ಗೆರೆ ಕಂಡರೆ ಅಲ್ಲಿನ ವೈದ್ಯರು ಬಯಾಪ್ಸಿಯ ಮಾತೆತ್ತುವುದು ಸಹಜ. ಅದೇ ನಿಯಮವನ್ನು ನಮಗೆ ಹಚ್ಚಿದರೆ ಅರ್ಧ ಊರಿನ ಬೆರಳು ಕೊಯ್ಯಬೇಕಾದೀತು. ಮೊಬೈಲ್‌ನಲ್ಲಿ ಓದುವ ಎಚ್ಚರಿಕೆಗಳಲ್ಲಿ ಹಲವು ಅಲ್ಲಿನ ರೋಗಿಗಳನ್ನು ಮನಸ್ಸಿನಲ್ಲಿಟ್ಟು ಬರೆದಂಥವು.

ಇದರ ಇನ್ನೊಂದು ಮುಖವೇ ನನಗೆ ಹೆಚ್ಚು ಕಳವಳ ತರುವುದು. ಗೆರೆ ಬಹಳ ಮಂದಿಗೆ ಇರುವುದರಿಂದ, ‘ನಮ್ಮ ಅಮ್ಮನಿಗೂ ಇತ್ತು, ಬಿಡಿ’ ಎಂದು ಮನೆಯವರೂ ವೈದ್ಯರೂ ಒಟ್ಟಿಗೆ ಕೈಬಿಡುವ ಅಪಾಯವಿದೆ. ಕಪ್ಪು ಚರ್ಮದವರಲ್ಲಿ ಉಗುರಿನ ಮೆಲನೋಮ ತಡವಾಗಿ ಪತ್ತೆಯಾಗಲು ಇದೊಂದು ದೊಡ್ಡ ಕಾರಣ.

ಕಪ್ಪು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ ಎನ್ನುತ್ತಾರಲ್ಲ?

ಬಿಸಿಲಿನಿಂದ ಬರುವ ಮೆಲನೋಮ ನಮ್ಮಲ್ಲಿ ಕಡಿಮೆ, ಮೆಲನಿನ್ ಅಷ್ಟರಮಟ್ಟಿಗೆ ಕಾಯುತ್ತದೆ. ಆದರೆ ಅಂಗೈ, ಅಂಗಾಲು, ಉಗುರಿನ ಬುಡದಲ್ಲಿ ಬರುವ ಮೆಲನೋಮಕ್ಕೂ ಬಿಸಿಲಿಗೂ ಅಂಥ ನಂಟಿಲ್ಲ. ಅದು ಎಲ್ಲ ಬಣ್ಣದವರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಉಳಿದ ಬಗೆಯ ಮೆಲನೋಮ ನಮ್ಮಲ್ಲಿ ವಿರಳವಾದ್ದರಿಂದ ಒಟ್ಟು ಲೆಕ್ಕದಲ್ಲಿ ಉಗುರಿನದರ ಪಾಲು ದೊಡ್ಡದಾಗಿ ಕಾಣುತ್ತದೆ. ಸನ್‌ಸ್ಕ್ರೀನ್ ಹಚ್ಚಿ ಇದನ್ನು ತಡೆಯಲಾಗದು.

ನಮ್ಮದು ಅಡಿಕೆ ಸುಲಿಯುವ ಕೆಲಸ. ಬರೀ ಕಲೆ ಇರಬಹುದಲ್ಲ?

ಖಂಡಿತ ಇರಬಹುದು. ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ಅಡಿಕೆ ಹಂಗಾಮಿನಲ್ಲಿ ಬರುವವರ ಬೆರಳು ನೋಡಿದರೆ ಸಾಕು, ಕೆಲಸ ಯಾವುದೆಂದು ಕೇಳಬೇಕಾಗಿಲ್ಲ. ಹಸಿ ಸಿಪ್ಪೆಯ ಒಗರು, ಬೇಯಿಸಿದ ಅಡಿಕೆಯ ನೀರಾದ ಚೊಗರು ಎರಡೂ ಉಗುರಿಗೆ ಹತ್ತಿಕೊಳ್ಳುತ್ತವೆ. ಮಂಡಕ್ಕಿ ಭಟ್ಟಿಯ ಮಸಿ, ಮೆಹಂದಿ, ತಲೆಗೆ ಹಚ್ಚುವ ಕರಿ ಬಣ್ಣ, ಬೀಡಿ ಸಿಗರೇಟಿನ ಹೊಗೆ, ಗಾಯ ತೊಳೆಯಲು ಬಳಸುವ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ ಇವೂ ಹಾಗೆಯೇ.

ಹೊರಗಿನ ಕಲೆಯನ್ನು ಗುರುತಿಸುವುದು ಕಷ್ಟವಲ್ಲ. ಅದು ಗೆರೆಯಾಗಿ ಇಳಿಯದೆ ಉಗುರಿನ ಅಗಲಕ್ಕೆ ಹರಡಿರುತ್ತದೆ. ಕೆಲಸ ನಿಲ್ಲಿಸಿ ಕೆಲವು ವಾರ ಕಳೆದರೆ ಬುಡದಲ್ಲಿ ಸ್ವಚ್ಛ ಉಗುರು ಕಾಣಿಸಿಕೊಳ್ಳುತ್ತದೆ. ಕಲೆಯ ಹಿಂದಿನ ಅಂಚು ಬುಡದ ಚರ್ಮದ ಬಾಗನ್ನೇ ಅನುಸರಿಸಿರುತ್ತದೆ. ವೈದ್ಯರು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆದರೆ ಪುಡಿಯಾಗಿ ಬರುತ್ತದೆ. ನೀವು ಮನೆಯಲ್ಲಿ ಈ ಪ್ರಯೋಗ ಮಾಡಬೇಡಿ. ಧೂಮಪಾನ ಬಿಟ್ಟವರ ಉಗುರಿನಲ್ಲಿ ಹಳದಿ ಭಾಗ ಮುಂದಕ್ಕೆ ಸರಿದು ಹಿಂದೆ ಗುಲಾಬಿ ಭಾಗ ಮೂಡುತ್ತದೆ. ಯಾವ ತಿಂಗಳಲ್ಲಿ ಬಿಟ್ಟರು ಎಂದು ಅದರಿಂದ ಅಂದಾಜಿಸಬಹುದು. ಬಿಟ್ಟಿದ್ದೇನೆ ಎಂದು ಸುಳ್ಳು ಹೇಳುವವರಿಗೆ ಇದು ಗೊತ್ತಿರುವುದಿಲ್ಲ.

ಮೆಹಂದಿಯ ಬಗ್ಗೆ ಒಂದು ಮಾತು. ಮದುವೆ ಮನೆಯ ಮೆಹಂದಿ ಉಗುರಿನ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಕೆಳಗಿರುವ ಗೆರೆಯನ್ನು ಮರೆಮಾಡುತ್ತದೆ. ಗೆರೆಯ ಮೇಲೆ ನಿಗಾ ಇಡಬೇಕೆಂದು ವೈದ್ಯರು ಹೇಳಿದ್ದರೆ ಆ ಒಂದು ಉಗುರನ್ನು ಬಿಟ್ಟು ಹಚ್ಚಿಸಿಕೊಳ್ಳಿ.

ಬಾಗಿಲಿಗೆ ಬೆರಳು ಸಿಕ್ಕಿತ್ತು. ಆಮೇಲೆ ಕಪ್ಪಾಯಿತು. ಅದು ರಕ್ತವೇ ಅಲ್ಲವೇ?

ಹೆಚ್ಚಾಗಿ ರಕ್ತವೇ. ಉಗುರಿನ ಕೆಳಗೆ ಹೆಪ್ಪುಗಟ್ಟಿದ ರಕ್ತ ಮೊದಲು ನೇರಳೆಯಾಗಿದ್ದು ಬರಬರುತ್ತ ಕಪ್ಪಾಗುತ್ತದೆ. ಉಗುರು ಬೆಳೆದಂತೆ ಅದು ಮುಂದಕ್ಕೆ ಸರಿಯಬೇಕು. ಇಲ್ಲಿ ಲೆಕ್ಕ ಸಹಾಯಕ್ಕೆ ಬರುತ್ತದೆ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್, ಕಾಲಿನದು ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಕೈಯುಗುರು ಪೂರ್ತಿ ಹೊಸದಾಗಲು ಸುಮಾರು 6 ತಿಂಗಳು, ಕಾಲಿನ ಹೆಬ್ಬೆರಳಿಗೆ 12ರಿಂದ 18 ತಿಂಗಳು ಬೇಕು. ಕಲೆಯ ಹಿಂದಿನ ಅಂಚಿಗೂ ಬುಡದ ಚರ್ಮಕ್ಕೂ ಇರುವ ಅಂತರವನ್ನು ಇವತ್ತು ಅಳೆದು ಬರೆದಿಡಿ, ಎರಡು ತಿಂಗಳ ನಂತರ ಮತ್ತೆ ಅಳೆಯಿರಿ. ಅಂತರ ಹೆಚ್ಚಿದ್ದು, ಹಿಂದೆ ಸ್ವಚ್ಛ ಉಗುರು ಬರುತ್ತಿದ್ದರೆ ನಿಶ್ಚಿಂತೆಯಿಂದಿರಿ. ಕಲೆ ಇದ್ದಲ್ಲಿಯೇ ಇದ್ದರೆ, ಬುಡದಿಂದ ಮತ್ತೆ ಮತ್ತೆ ಬಣ್ಣ ಬರುತ್ತಿದ್ದರೆ ತೋರಿಸಿಕೊಳ್ಳಲೇಬೇಕು.

ಪೆಟ್ಟಿನ ನೆನಪು ಬಹಳ ಮೋಸ ಮಾಡುತ್ತದೆ. ಕಾಲ್ಬೆರಳನ್ನು ಎಲ್ಲರೂ ಎಡವಿಯೇ ಇರುತ್ತಾರೆ, ಕಪ್ಪು ಕಂಡ ದಿನ ಯಾವುದೋ ಒಂದು ಪೆಟ್ಟು ನೆನಪಿಗೆ ಬಂದೇ ಬರುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಯ ವಿಷಯದಲ್ಲಿ ಹೀಗೇ ಆಯಿತು. ಕಾಲ್ಬೆರಳ ಉಗುರಿನ ಕೆಳಗಿನ ಗಾಯವನ್ನು ಫುಟ್‌ಬಾಲ್ ಆಟದ ಪೆಟ್ಟು ಎಂದುಕೊಂಡಿದ್ದರು. 1977ರಲ್ಲಿ ಅದು ಮೆಲನೋಮ ಎಂದು ಗೊತ್ತಾಯಿತು. 1981ರ ಮೇ 11ರಂದು ತೀರಿಕೊಂಡಾಗ ಅವರಿಗೆ 36 ವರ್ಷ. ಫುಟ್‌ಬಾಲ್ ಕ್ಯಾನ್ಸರ್ ತರಲಿಲ್ಲ, ಪೆಟ್ಟು ಎಂಬ ವಿವರಣೆ ಎಲ್ಲರಿಗೂ ಒಪ್ಪಿಗೆಯಾಗಿತ್ತು ಅಷ್ಟೇ.

ಹಾಗಾದರೆ ಯಾವ ಗೆರೆಗೆ ಹೆದರಬೇಕು?

ಇದೇ ಮುಖ್ಯ ಪ್ರಶ್ನೆ, ಸ್ವಲ್ಪ ಸಾವಧಾನವಾಗಿ ಓದಿ. 2000ನೇ ಇಸವಿಯಲ್ಲಿ ಅಮೆರಿಕದ ವೈದ್ಯರು ನೆನಪಿಗೆ ಅನುಕೂಲವಾಗಲೆಂದು ಇಂಗ್ಲಿಷಿನ ಎ, ಬಿ, ಸಿ, ಡಿ, ಇ, ಎಫ್ ಅಕ್ಷರಗಳಿಗೆ ಒಂದೊಂದು ಲಕ್ಷಣ ಕೊಟ್ಟು ಪಟ್ಟಿ ಮಾಡಿದರು. ಅದರ ಸಾರವನ್ನು ನಮ್ಮವರಿಗೆ ಹೊಂದುವಂತೆ ಹೇಳುತ್ತೇನೆ.

ಮೊದಲಿಗೆ ವಯಸ್ಸು. 50ರಿಂದ 70ರ ನಡುವೆ ಈ ಕ್ಯಾನ್ಸರ್ ಹೆಚ್ಚು. 60ರ ನಂತರ ಒಂದೇ ಬೆರಳಿನಲ್ಲಿ ಹೊಸದಾಗಿ ಹುಟ್ಟಿದ ಗೆರೆಯನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ಎರಡನೆಯದು ಅಗಲ. 3 ಮಿಲಿಮೀಟರಿಗಿಂತ ಅಗಲವಾದ, ಅಂಚು ಮಸುಕಾದ, ಒಂದೇ ಗೆರೆಯೊಳಗೆ ತಿಳಿಕಂದು, ಕಡುಕಂದು, ಕಪ್ಪು ಎಂದು ಬಣ್ಣ ಏರುಪೇರಾದ ಪಟ್ಟೆ ಅನುಮಾನಕ್ಕೆ ಎಡೆ. ಅಗಲವೊಂದೇ ಸಾಕ್ಷಿಯಲ್ಲ, ಹುಟ್ಟುಗುಣದಿಂದ ಬಂದ ನಿರಪಾಯದ ಪಟ್ಟೆಗಳೂ ಅಗಲವಾಗಿರುವುದುಂಟು.

ಎಲ್ಲಕ್ಕಿಂತ ಹೆಚ್ಚು ನಂಬಬಹುದಾದ ಲಕ್ಷಣ ಬದಲಾವಣೆ. ಹತ್ತು ವರ್ಷದಿಂದ ಹೇಗಿತ್ತೋ ಹಾಗೆಯೇ ಇರುವ ಗೆರೆ ಬೇರೆ, ಈ ಯುಗಾದಿಗೆ ದಾರದಷ್ಟು ಇದ್ದು ದೀಪಾವಳಿಗೆ ಪಟ್ಟಿಯಾದದ್ದು ಬೇರೆ. ಗೆರೆ ತುದಿಯಲ್ಲಿ ಕಿರಿದಾಗಿ ಬುಡದಲ್ಲಿ ಅಗಲವಾಗಿ ತ್ರಿಕೋನದಂತೆ ಕಂಡರೆ ಅದೂ ಬದಲಾವಣೆಯೇ. ತುದಿಯ ಉಗುರು ಕೆಲವು ತಿಂಗಳ ಹಿಂದೆ ಹುಟ್ಟಿದ್ದು, ಬುಡದ್ದು ಈಗ ಹುಟ್ಟಿದ್ದು. ಅಂದರೆ ಈ ನಡುವೆ ಬಣ್ಣದ ಕೋಶಗಳು ಹರಡಿವೆ ಎಂದರ್ಥ. ಒಮ್ಮೆ ನೋಡಿದರೆ ಸಾಕು, ಹಳೆಯ ಫೋಟೊ ಬೇಕಾಗಿಲ್ಲ.

ನಂತರ ಬೆರಳು ಯಾವುದು ಎಂಬುದು. ಕೈಯ ಹೆಬ್ಬೆರಳು, ಕಾಲಿನ ಹೆಬ್ಬೆರಳು, ತೋರುಬೆರಳು, ಅದರಲ್ಲೂ ಕೆಲಸ ಮಾಡುವ ಕೈಯವು, ಇವುಗಳಲ್ಲಿ ಈ ಕ್ಯಾನ್ಸರ್ ಹೆಚ್ಚು. ದುರದೃಷ್ಟವೆಂದರೆ ನಿರಪಾಯದ ಗೆರೆಗಳೂ ಉಜ್ಜಾಟ ಹೆಚ್ಚಿರುವ ಇವೇ ಬೆರಳುಗಳಲ್ಲಿ ಹೆಚ್ಚು. ಹಾಗಾಗಿ ಈ ಲಕ್ಷಣದಿಂದ ನಮಗೆ ಸಿಗುವ ಸಹಾಯ ಅಷ್ಟಕ್ಕಷ್ಟೇ. ಬಣ್ಣ ಉಗುರು ದಾಟಿ ಸುತ್ತಲಿನ ಚರ್ಮಕ್ಕೆ ಹಬ್ಬುವುದು ಐದನೆಯದು, ಅದಕ್ಕೆ ಕೆಳಗೆ ಬೇರೆಯಾಗಿಯೇ ಉತ್ತರಿಸಿದ್ದೇನೆ. ಕೊನೆಯದು ತಮಗೆ ಅಥವಾ ಮನೆತನದಲ್ಲಿ ಯಾರಿಗಾದರೂ ಮೆಲನೋಮ ಬಂದಿರುವುದು.

ಇವುಗಳ ಜೊತೆಗೆ ಉಗುರು ಸೀಳುವುದು, ತೆಳುವಾಗುವುದು, ಮೇಲೇಳುವುದು, ಕೆಳಗಿನಿಂದ ಗಂಟು ಬರುವುದು, ಪೆಟ್ಟಿಲ್ಲದೆ ರಕ್ತ ಬರುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಅದೇ ವಾರ ತೋರಿಸಿ. ನೋವಿಲ್ಲವೆಂದು ಕಾಯಬೇಡಿ, ಈ ಕ್ಯಾನ್ಸರ್ ಮೊದಮೊದಲು ನೋಯುವುದಿಲ್ಲ.

ಉಗುರಿನ ಬುಡದ ಚರ್ಮವೂ ಕಪ್ಪಾಗಿದೆ. ಅದು ಅಪಾಯವೇ?

ಲಂಡನ್ನಿನ ಶಸ್ತ್ರವೈದ್ಯ ಜೊನಾಥನ್ ಹಚಿನ್ಸನ್ 1886ರಲ್ಲಿ ಇದನ್ನು ಬರೆದಿಟ್ಟದ್ದರಿಂದ ಈ ಲಕ್ಷಣಕ್ಕೆ ಅವರ ಹೆಸರೇ ಇದೆ. ಉಗುರಿನ ಗೆರೆಯ ಕಪ್ಪು ಬುಡದ ಅಥವಾ ಬದಿಯ ಚರ್ಮಕ್ಕೆ ಚೆಲ್ಲಿದಂತೆ ಹರಡಿದ್ದರೆ ಮೆಲನೋಮದ ಅನುಮಾನ ಬಲವಾಗುತ್ತದೆ. ಅದು ಉಗುರುಸುತ್ತಿನಂತೆ ಕಾಣಬಹುದು ಎಂದೂ ಅವರು ಗುರುತಿಸಿದ್ದರು.

ಆದರೆ ನಮ್ಮಲ್ಲಿ ಬೆರಳಿನ ಗೆಣ್ಣು, ಉಗುರಿನ ಬುಡದ ಚರ್ಮ ಮೊದಲೇ ಕಪ್ಪಾಗಿರುತ್ತದೆ. ಬುಡದ ತೆಳು ಪೊರೆಯ ಮೂಲಕ ಕೆಳಗಿನ ಗೆರೆ ಹೊಳೆದು ಕಾಣುವುದೂ ಉಂಟು. ಎರಡೂ ಹುಸಿ ಲಕ್ಷಣಗಳು. ಹತ್ತೂ ಬೆರಳುಗಳನ್ನು ಒಟ್ಟಿಗೆ ಇಟ್ಟು ನೋಡಿ. ಎಲ್ಲದರ ಬುಡವೂ ಒಂದೇ ಸಮನೆ ಕಪ್ಪಾಗಿದ್ದರೆ ಅದು ನಿಮ್ಮ ಮೈಬಣ್ಣ. ಒಂದೇ ಬೆರಳಿನಲ್ಲಿ, ಗೆರೆಗೆ ನೇರವಾಗಿ, ಅಂಕುಡೊಂಕಾಗಿ ಇದ್ದರೆ ವೈದ್ಯರ ಬಳಿ ಹೋಗಿ.

ಉಗುರುಸುತ್ತು ಎಂದು ನಿಂಬೆಹಣ್ಣು ಕಟ್ಟಿಕೊಂಡಿದ್ದೇವೆ. ವಾಸಿಯಾಗುತ್ತಿಲ್ಲ.

ಉಗುರುಸುತ್ತು ಸೋಂಕು. ಊತ, ಕೆಂಪು, ಕೀವು, ತಡೆಯಲಾರದ ಸಿಡಿತ ಇರುತ್ತವೆ. ಒಂದೆರಡು ವಾರದಲ್ಲಿ ಒಂದು ದಾರಿ ಕಾಣಬೇಕು. ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ನಾಟಿ ಮಾಡುವ, ದಿನವಿಡೀ ಕೈ ಒದ್ದೆಯಾಗಿರುವ ಹೆಂಗಸರಲ್ಲಿ ಅದು ದೀರ್ಘಕಾಲ ಉಳಿಯುವುದೂ ಉಂಟು, ಆಗಲೂ ಚಿಕಿತ್ಸೆಗೆ ಬಗ್ಗುತ್ತದೆ. ಚಿಕಿತ್ಸೆಗೆ ಬಗ್ಗದೆ, ನೋವೂ ಇಲ್ಲದೆ, ಒಂದೇ ಬೆರಳಿನಲ್ಲಿ ತಿಂಗಳುಗಟ್ಟಲೆ ಒಸರುವ ಉಗುರುಸುತ್ತು ಉಗುರುಸುತ್ತೇ ಅಲ್ಲದಿರಬಹುದು. ಮೆಲನೋಮ ಯಾವಾಗಲೂ ಕಪ್ಪಗಿರುವುದಿಲ್ಲ ಎಂಬುದನ್ನು ಗಮನಿಸಿ. ಕೆಲವು ಗುಲಾಬಿ ಅಥವಾ ಕೆಂಪು ಮಾಂಸದ ಗುಳ್ಳೆಯಾಗಿ ಬಂದು, ಸುಲಭವಾಗಿ ರಕ್ತ ಸುರಿಸುತ್ತವೆ. ನಿಂಬೆಹಣ್ಣಿನಿಂದ ಆ ಗುಳ್ಳೆಗೆ ಏನೂ ಆಗುವುದಿಲ್ಲ, ಕಾಲ ಮಾತ್ರ ಕಳೆದುಹೋಗುತ್ತದೆ.

ಒಂದಲ್ಲ, ಏಳೆಂಟು ಉಗುರುಗಳಲ್ಲಿ ಗೆರೆಗಳಿವೆ. ಇನ್ನೂ ಕೆಟ್ಟದ್ದೇ?

ತದ್ವಿರುದ್ಧ. ಕ್ಯಾನ್ಸರ್ ಸಾಮಾನ್ಯವಾಗಿ ಒಂದೇ ಬೆರಳನ್ನು ಹಿಡಿಯುತ್ತದೆ. ಹಲವು ಬೆರಳುಗಳಲ್ಲಿ ಸಮನಾದ ಗೆರೆಗಳಿದ್ದರೆ ಕಾರಣ ಮೈಬಣ್ಣ, ಔಷಧಿ ಅಥವಾ ದೇಹದೊಳಗಿನ ಯಾವುದಾದರೂ ಕೊರತೆ. ಹಾಗೆಂದು ಎಂಟು ಗೆರೆಗಳ ನಡುವೆ ಒಂದು ಮಾತ್ರ ಬೇರೆ ಬಣ್ಣ, ಬೇರೆ ಅಗಲ, ಬೇರೆ ವೇಗದ್ದಾಗಿದ್ದರೆ ಆ ಒಂದನ್ನು ಉಳಿದ ಏಳರ ಲೆಕ್ಕಕ್ಕೆ ಸೇರಿಸಬೇಡಿ. ನಾನು ಮೊದಲು ಹುಡುಕುವುದು ಅದನ್ನೇ.

ನಾವು ಸಸ್ಯಾಹಾರಿಗಳು. ಬಿ12 ಕಡಿಮೆಯಾದರೂ ಹೀಗಾಗುತ್ತದೆಯೇ?

ಆಗುತ್ತದೆ. ವಿಟಮಿನ್ ಬಿ12 ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಿಂದ; ಹಾಲು ಮೊಸರೂ ಕಡಿಮೆ ಸೇವಿಸುವ ಸಸ್ಯಾಹಾರಿಗಳಲ್ಲಿ ಕೊರತೆ ಸಾಮಾನ್ಯ. ಬೆರಳ ಗೆಣ್ಣುಗಳು ಕಪ್ಪಾಗುವುದು, ಉಗುರುಗಳಲ್ಲಿ ಗೆರೆ ಅಥವಾ ಒಟ್ಟಾರೆ ಮಂಕು ಬಣ್ಣ, ನುಣುಪಾದ ಕೆಂಪು ನಾಲಿಗೆ, ಪಾದಗಳಲ್ಲಿ ಜುಮುಜುಮು, ಸುಸ್ತು ಇವು ಒಟ್ಟಿಗೆ ಬಂದರೆ ರಕ್ತ ಪರೀಕ್ಷೆ ಮಾಡಿಸಬೇಕು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗುತ್ತಿರುವವರಲ್ಲಿಯೂ ಬಿ12 ಇಳಿಯಬಹುದು. ಕೊರತೆ ತುಂಬಿಸಿದರೆ ಕೆಲವು ತಿಂಗಳುಗಳಲ್ಲಿ ಬಣ್ಣ ತಿಳಿಯಾಗುತ್ತದೆ. ಚರ್ಮರೋಗದಲ್ಲಿ ಇಷ್ಟು ಸಲೀಸಾಗಿ ಮುಗಿಯುವ ಕಥೆಗಳು ಕಡಿಮೆ.

ಆದರೆ ಒಂದೇ ಬೆರಳಿನ ಒಂದೇ ಗೆರೆಗೆ ಪರೀಕ್ಷೆಯಿಲ್ಲದೆ ಬಿ12 ಚುಚ್ಚುಮದ್ದು ಹಾಕಿಸಿಕೊಂಡು ಕಾಯುವುದು ಸರಿಯಲ್ಲ.

ಮಾತ್ರೆಗಳಿಂದ ಬರಬಹುದೇ? ಬೇರೆ ಕಾಯಿಲೆಗಳಿಂದ?

ಬರಬಹುದು. ಕ್ಯಾನ್ಸರಿಗೆ ಕೊಡುವ ಸೈಕ್ಲೊಫಾಸ್ಫಮೈಡ್, ಡಾಕ್ಸೊರುಬಿಸಿನ್, ರಕ್ತದ ಕಾಯಿಲೆಗಳಿಗೆ ಕೊಡುವ ಹೈಡ್ರಾಕ್ಸಿಯೂರಿಯ, ಎಚ್‌ಐವಿಗೆ ಕೊಡುವ ಜಿಡೊವುಡಿನ್, ಮೊಡವೆಗೆ ಕೊಡುವ ಮಿನೊಸೈಕ್ಲಿನ್, ಕೆಲವು ಮಲೇರಿಯಾ ಔಷಧಿಗಳು ಉಗುರಿಗೆ ಬಣ್ಣ ತರುತ್ತವೆ. ಬಣ್ಣಕ್ಕೆ ಹೆದರಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎಚ್‌ಐವಿ ಸೋಂಕಿನಿಂದಲೇ ಗೆರೆ ಬರುವುದೂ ಉಂಟು.

ತೂಕ ಇಳಿದು, ರಕ್ತದೊತ್ತಡ ಕುಸಿದು, ವಸಡು ಮತ್ತು ಅಂಗೈ ಗೆರೆಗಳೂ ಕಪ್ಪಾಗಿದ್ದರೆ ಅಡಿಸನ್ ಕಾಯಿಲೆ, ಅಂದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕೊರತೆ, ಇದೆಯೇ ಎಂದು ನೋಡಬೇಕಾಗುತ್ತದೆ. ತುಟಿ ಮತ್ತು ಬಾಯೊಳಗೆ ಕಪ್ಪು ಚುಕ್ಕೆಗಳೂ ಉಗುರುಗಳಲ್ಲಿ ಗೆರೆಗಳೂ ಜೊತೆಗೂಡಿ ಬರುವ ಲೋಜಿಯೇ–ಹುಂಜಿಕರ್ ಎಂಬ ಸ್ಥಿತಿ ನಿರಪಾಯಕಾರಿ. ಅದನ್ನೇ ಹೋಲುವ, ಕರುಳಿನಲ್ಲಿ ಗಂಟುಗಳಾಗುವ ಇನ್ನೊಂದು ಕಾಯಿಲೆ ಇರುವುದರಿಂದ ವೈದ್ಯರು ಹೊಟ್ಟೆಯ ಬಗ್ಗೆಯೂ ಪ್ರಶ್ನಿಸುತ್ತಾರೆ. ಉಗುರಿಗೆ ಬಂದವರನ್ನು ಬಾಯಿ ತೆರೆಯಿರಿ ಎಂದರೆ ಆಶ್ಚರ್ಯಪಡಬೇಡಿ.

ಗರ್ಭಿಣಿಯರಲ್ಲಿ?

ಬರುತ್ತದೆ, ಹೆರಿಗೆಯ ನಂತರ ತಿಳಿಯಾಗುವುದೇ ಹೆಚ್ಚು. ಹೊಟ್ಟೆಯ ಮೇಲಿನ ಕಪ್ಪು ಗೆರೆ, ಕೆನ್ನೆಯ ಬಂಗು ಬರುವ ಕಾಲದಲ್ಲೇ ಇದೂ ಬರುವುದರಿಂದ ಗುರುತಿಸುವುದು ಕಷ್ಟವಲ್ಲ.

ನಮ್ಮ ಐದು ವರ್ಷದ ಮಗಳ ಉಗುರಿನಲ್ಲಿ ಕಪ್ಪು ಪಟ್ಟೆ ಇದೆ. ತುಂಬ ಭಯವಾಗಿದೆ.

ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಮಕ್ಕಳಲ್ಲಿ ಉಗುರಿನ ಮೆಲನೋಮ ಅತ್ಯಂತ ವಿರಳ. ಅವರ ಪಟ್ಟೆಗಳಿಗೆ ಬಹುಪಾಲು ಕಾರಣ ಬುಡದಲ್ಲಿರುವ ಒಂದು ಮಚ್ಚೆ. ವಿಚಿತ್ರವೆಂದರೆ ಆ ಮಚ್ಚೆಯ ಪಟ್ಟೆ ಬಹಳ ಅಗಲವಾಗಿರಬಹುದು, ಕಡುಗಪ್ಪಾಗಿರಬಹುದು, ಬೆಳೆಯಬಹುದು, ಸುತ್ತಲ ಚರ್ಮಕ್ಕೂ ಚೆಲ್ಲಬಹುದು. ಮೇಲೆ ಹೇಳಿದ ವಯಸ್ಕರ ಪಟ್ಟಿಯನ್ನು ಮಗುವಿಗೆ ಹಚ್ಚಿದರೆ ಎಲ್ಲ ಅಕ್ಷರಗಳೂ ಕೂಗಿಕೊಳ್ಳುತ್ತವೆ. ಆದ್ದರಿಂದ ಆ ಪಟ್ಟಿಯನ್ನು ಮಕ್ಕಳಿಗೆ ಬಳಸಬಾರದು. ಒಮ್ಮೆ ಚರ್ಮರೋಗ ತಜ್ಞರಿಗೆ ತೋರಿಸಿ, ಅವರು ಹೇಳಿದ ಅಂತರದಲ್ಲಿ ಫೋಟೊ ಸಹಿತ ಮರುತಪಾಸಣೆ ಮಾಡಿಸುತ್ತಿದ್ದರೆ ಹೆಚ್ಚಿನ ಮಕ್ಕಳಿಗೆ ಅಷ್ಟೇ ಸಾಕು. ಕೆಲವರಲ್ಲಿ ಪಟ್ಟೆ ತಾನಾಗಿಯೇ ತಿಳಿಯಾಗುತ್ತದೆ. ಮಗುವಿಗೆ ಉಗುರು ಕಚ್ಚುವ ಅಭ್ಯಾಸವಿದ್ದರೆ ಅದೂ ಕಾರಣವಾಗಬಹುದು. ಬೇವಿನೆಣ್ಣೆ ಹಚ್ಚಿ, ಗದರಿಸಿ ಬಿಡಿಸಲು ಹೋದರೆ ಹಟ ಹೆಚ್ಚುತ್ತದೆ.

ಫಂಗಸ್ ಎಂದು ಮುಲಾಮು ಕೊಟ್ಟಿದ್ದಾರೆ. ಎಷ್ಟು ದಿನ ಹಚ್ಚಬೇಕು?

ಮೊದಲು ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಿ. ಶಿಲೀಂಧ್ರವೂ ಉಗುರನ್ನು ಕಪ್ಪಾಗಿಸುತ್ತದೆ. ಆಗ ಸಾಮಾನ್ಯವಾಗಿ ಉಗುರು ದಪ್ಪವಾಗಿ, ಪುಡಿಪುಡಿಯಾಗಿ, ಬಣ್ಣ ತುದಿಯಲ್ಲಿ ಹೆಚ್ಚಾಗಿ ಬುಡದ ಕಡೆ ಕಡಿಮೆಯಾಗಿರುತ್ತದೆ. ಉಗುರಿನ ಚೂರಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆ ಇದೆ, ಖರ್ಚೂ ಕಡಿಮೆ. ಹಸಿರು ಮಿಶ್ರಿತ ಕಪ್ಪು ಬಣ್ಣ, ಉಗುರು ಮೇಲೆದ್ದಿರುವುದು ಕಂಡರೆ ಅದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯದ್ದಿರಬಹುದು, ಅದಕ್ಕೆ ಫಂಗಸ್ ಮುಲಾಮು ನಾಟದು. ಪರೀಕ್ಷೆ ಇಲ್ಲದೆ ಒಂದೇ ಬೆರಳಿಗೆ ವರ್ಷವಿಡೀ ಮುಲಾಮು ಹಚ್ಚಿಸುವುದನ್ನು ನಾನು ಚಿಕಿತ್ಸೆ ಎನ್ನಲಾರೆ.

ಲಿವರ್ ಕೆಟ್ಟಿದೆ ಎಂದು ಒಬ್ಬರು, ಶನಿಕಾಟ ಎಂದು ಇನ್ನೊಬ್ಬರು ಹೇಳಿದರು.

ಒಂದು ಗೆರೆಗೂ ಲಿವರಿಗೂ ಸಂಬಂಧವಿಲ್ಲ, ಕ್ಯಾಲ್ಸಿಯಂ ಕೊರತೆಗೂ ಇಲ್ಲ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚುವವರು ಹಚ್ಚಿ, ಸೋಮವಾರ ಆಸ್ಪತ್ರೆಗೆ ಬನ್ನಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಇಪ್ಪತ್ತೂ ಉಗುರುಗಳನ್ನು, ಬಾಯನ್ನು, ಅಂಗೈ ಅಂಗಾಲನ್ನು ನೋಡಬೇಕು. ಒಂದು ಬೆರಳು ನೋಡಿ ಚೀಟಿ ಬರೆದರೆ ಉಳಿದದ್ದನ್ನೂ ನೋಡಿ ಎಂದು ಕೇಳಲು ಹಿಂಜರಿಯಬೇಡಿ. ನಂತರ ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಿಂದ ಗೆರೆಯನ್ನು ಪರೀಕ್ಷಿಸುತ್ತಾರೆ. ಇದರಲ್ಲಿ ನೋವಿಲ್ಲ. ಕೋಶಗಳು ಬರೀ ಎಚ್ಚೆತ್ತಿದ್ದರೆ ಬೂದು ಹಿನ್ನೆಲೆಯಲ್ಲಿ ತೆಳು ಗೆರೆಗಳು ಕಾಣುತ್ತವೆ. ಮಚ್ಚೆಯಾದರೆ ಕಂದು ಹಿನ್ನೆಲೆಯಲ್ಲಿ ಸಮಾನಾಂತರದ ಅಚ್ಚುಕಟ್ಟು ಗೆರೆಗಳು, ಮೆಲನೋಮವಾದರೆ ದಪ್ಪ, ಬಣ್ಣ, ಅಂತರ ಎಲ್ಲದರಲ್ಲೂ ಏರುಪೇರು. ರಕ್ತವಾದರೆ ನೇರಳೆ ಕೆಂಪಿನ ಗುಂಡು ಕಲೆಗಳು ಕಾಣುತ್ತವೆ. ಇದು ನಿರ್ಣಯವಲ್ಲ, ಬಯಾಪ್ಸಿ ಬೇಕೇ ಬೇಡವೇ ಎಂಬುದಕ್ಕೆ ದಾರಿದೀಪ.

ಬಯಾಪ್ಸಿ ಎಂದರೆ ಉಗುರು ಕಿತ್ತುಹಾಕುತ್ತಾರಾ? ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದಂತೆ?

ಎರಡನೆಯದು ಸುಳ್ಳು. ಬಯಾಪ್ಸಿಯಿಂದ ಮೆಲನೋಮ ಹರಡುವುದಿಲ್ಲ, ಬಯಾಪ್ಸಿ ಮುಂದೂಡುತ್ತ ಹೋದಾಗ ಅದು ತಾನಾಗಿಯೇ ಹರಡುತ್ತದೆ. ಇಷ್ಟು ಹಾನಿ ಮಾಡಿದ ಮಾತು ಚರ್ಮರೋಗದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಬೆರಳಿನ ಬುಡಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಮಡಿಕೆಯ ಚರ್ಮವನ್ನು ಹಿಂದಕ್ಕೆ ಸರಿಸಿ, ಉಗುರಿನ ಒಂದು ಭಾಗವನ್ನು ಎತ್ತಿ, ಗೆರೆ ಹುಟ್ಟುವ ಜಾಗದಿಂದ ಕೆಲವು ಮಿಲಿಮೀಟರಿನ ತುಣುಕು ತೆಗೆಯುತ್ತಾರೆ. ತೆಳುವಾದ ಪದರವನ್ನಷ್ಟೇ ಹೆರೆದು ತೆಗೆಯುವ ವಿಧಾನದಲ್ಲಿ ಮುಂದೆ ಉಗುರು ಕೆಡುವ ಸಾಧ್ಯತೆ ಕಡಿಮೆ. ಆದರೂ ಹೊಸ ಉಗುರು ತೆಳುವಾಗಬಹುದು ಅಥವಾ ಉದ್ದಕ್ಕೆ ಸೀಳಬಹುದು. ಅದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಬರೀ ಉಗುರು ಕತ್ತರಿಸಿ ಪರೀಕ್ಷೆಗೆ ಕಳುಹಿಸಿದರೆ ಬಣ್ಣ ಮೆಲನಿನ್ನೋ ಶಿಲೀಂಧ್ರವೋ ರಕ್ತವೋ ಎಂದು ತಿಳಿದೀತು, ಕ್ಯಾನ್ಸರ್ ಇಲ್ಲವೆಂದು ಖಚಿತವಾಗದು. ಮಧುಮೇಹವಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಂಚಿತವಾಗಿ ತಿಳಿಸಿ.

ಕ್ಯಾನ್ಸರ್ ಎಂದೇ ವರದಿ ಬಂದರೆ ಬೆರಳು ಹೋಗುತ್ತದೆಯೇ?

ಯಾವ ಹಂತದಲ್ಲಿ ಸಿಕ್ಕಿತು ಎಂಬುದರ ಮೇಲಿದೆ. ಮೇಲಿನ ಪದರದಲ್ಲೇ ಇದ್ದರೆ ಉಗುರು ಮತ್ತು ಅದರ ಬುಡವನ್ನು ಪೂರ್ತಿ ತೆಗೆದು, ಬೇರೆಡೆಯ ಚರ್ಮವನ್ನು ಕಸಿ ಮಾಡುತ್ತಾರೆ. ಬೆರಳು ಉಳಿಯುತ್ತದೆ, ಉಗುರು ಮಾತ್ರ ಇರುವುದಿಲ್ಲ. ಆಳಕ್ಕೆ ಇಳಿದಿದ್ದರೆ ಬೆರಳಿನ ತುದಿಯ ಗೆಣ್ಣನ್ನು ತೆಗೆಯಬೇಕಾಗಬಹುದು, ಕಂಕುಳ ಅಥವಾ ತೊಡೆಸಂದಿನ ಗ್ರಂಥಿಗಳನ್ನೂ ಪರೀಕ್ಷಿಸುತ್ತಾರೆ. ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬ ಅಳತೆಯೇ ಮುಂದಿನದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಎಲ್ಲಿಗೆ ಹೋಗಬೇಕು? ಖರ್ಚು?

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಚರ್ಮರೋಗ ವಿಭಾಗಕ್ಕೇ ಚೀಟಿ ಮಾಡಿಸಿ. ಕ್ಯಾನ್ಸರಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಕಳುಹಿಸುವುದುಂಟು. ಬಿಪಿಎಲ್ ಕಾರ್ಡ್ ಇರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಪಡಿತರ ಚೀಟಿ, ಆಧಾರ್, ಮೊದಲ ಆಸ್ಪತ್ರೆಯ ಶಿಫಾರಸು ಪತ್ರ ಜೊತೆಗಿರಲಿ.

ನಿರಪಾಯಕಾರಿ ಎಂದರು. ಆದರೂ ನೋಡಲು ಚೆನ್ನಾಗಿಲ್ಲ. ಹೋಗಲಾಡಿಸಲು ಕ್ರೀಮ್ ಅಥವಾ ಲೇಸರ್?

ಬೇಡ. ಚರ್ಮ ಬೆಳ್ಳಗಾಗಿಸುವ ಕ್ರೀಮು ಉಗುರಿನ ಬುಡಕ್ಕೆ ತಲುಪದು. ಏನೆಂದು ಖಚಿತವಾಗದ ಗೆರೆಗೆ ಲೇಸರ್ ಹಾಯಿಸುವುದು ಅಪಾಯದ ಕೆಲಸ, ಬಣ್ಣ ಅಳಿಸಿದರೆ ಎಚ್ಚರಿಕೆಯ ಗುರುತೂ ಅಳಿಯುತ್ತದೆ. ಸಮಾರಂಭಗಳಿಗೆ ಉಗುರು ಬಣ್ಣ ಹಚ್ಚಿಕೊಳ್ಳಿ, ಅಡ್ಡಿಯಿಲ್ಲ. ಆದರೆ ತಿಂಗಳಿಗೊಮ್ಮೆ ಪೂರ್ತಿ ತೆಗೆದು ನೋಡಿ. ಬಿಗಿ ಬೂಟು, ಚಪ್ಪಲಿಯ ಉಜ್ಜಾಟದಿಂದ ಕಾಲಿನ ಕಿರುಬೆರಳಲ್ಲಿ ಬಂದದ್ದಾದರೆ ಪಾದರಕ್ಷೆ ಬದಲಿಸಿದರೆ ನಿಧಾನವಾಗಿ ತಿಳಿಯಾಗಬಹುದು.

ವಾಟ್ಸಾಪ್‌ನಲ್ಲಿ ಫೋಟೊ ಕಳುಹಿಸಿದರೆ ನೋಡಿ ಹೇಳುವಿರಾ?

ಇಲ್ಲ. ಫೋಟೊದಲ್ಲಿ ಬಣ್ಣ ಬದಲಾಗುತ್ತದೆ, ಅಂಚು ಮಸುಕಾಗುತ್ತದೆ, ಉಳಿದ ಹತ್ತೊಂಬತ್ತು ಉಗುರು ಕಾಣುವುದಿಲ್ಲ. ಆದರೆ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದೇ. ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಬೆರಳಿನ ಪಕ್ಕ ಮಕ್ಕಳ ಸ್ಕೇಲ್ ಇಟ್ಟು, ಮೂರು ತಿಂಗಳಿಗೊಮ್ಮೆ ಒಂದೇ ಕೋನದಿಂದ ತೆಗೆಯಿರಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಕಾಲಿನ ಉಗುರುಗಳನ್ನೂ ನೀವೇ ಬಗ್ಗಿ ನೋಡಿ, ಕಣ್ಣು ಮಂಜಾದವರಿಗೆ, ಬಗ್ಗಲಾಗದವರಿಗೆ ಅಲ್ಲಿ ಏನಾಗಿದೆ ಎಂದು ಗೊತ್ತೇ ಆಗುವುದಿಲ್ಲ. ಆಸ್ಪತ್ರೆಗೆ ಬರುವಾಗ ಹಳೆಯ ಫೋಟೊಗಳು, ನುಂಗುತ್ತಿರುವ ಮಾತ್ರೆಗಳ ಚೀಟಿ ತನ್ನಿ. ಕೈಕಾಲುಗಳ ಉಗುರು ಬಣ್ಣ ತೆಗೆದು ಬನ್ನಿ.